ಷೇರು ನಿಮ್ಮದು, ಬ್ರೋಕರ್‌ದಲ್ಲ!

ಕೊಂಡಿದ್ದು ಒಬ್ಬರ ಹತ್ತಿರ, ಮಾರೋದು ಇನ್ನೊಬ್ಬರ ಹತ್ತಿರ. ಇದು ಆಗುತ್ತಾ? ಖಂಡಿತ ಆಗುತ್ತೆ. ಆದರೆ ಕೀಲಿಕೈ ಯಾರ ಕೈಲಿದೆ ಅನ್ನೋದನ್ನು ಮೊದಲು ನೋಡಿಕೊಳ್ಳಿ.

‘ಹತ್ತು ವರ್ಷದ ಹಿಂದೆ ಯಜಮಾನರು ನನ್ನ ಹೆಸರಲ್ಲಿ ಸ್ವಲ್ಪ ಷೇರು ತೆಗೆದಿದ್ದರು. ಆ ಬ್ರೋಕರ್ ಈಗ ಫೋನೇ ಎತ್ತಲ್ಲ. ಬೇರೆಯವರ ಮೂಲಕ ಮಾರಬಹುದಾ, ಇಲ್ಲಾ ಕೊಂಡ ಕಡೆಯೇ ಮಾರಬೇಕಾ?’

ಷೇರಿನ ಮಾತು ಬಂದಾಗಲೆಲ್ಲ ನಮ್ಮ ಹೆಣ್ಣುಮಕ್ಕಳ ನಡುವೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಕೆಲವರಿಗೆ ಬ್ರೋಕರ್ ಕಚೇರಿ ಊರಿಂದಲೇ ಎದ್ದು ಹೋಗಿರುತ್ತದೆ. ಕೆಲವರಿಗೆ ಕಮಿಷನ್ ಜಾಸ್ತಿ ಅನ್ನಿಸಿರುತ್ತದೆ. ಇನ್ನು ಕೆಲವರಿಗೆ ‘ಈಗ ಮಾರಬೇಡಿ ಮೇಡಂ’ ಅನ್ನೋ ಉಪದೇಶ ಕೇಳಿ ಕೇಳಿ ಸಾಕಾಗಿರುತ್ತದೆ. ಆದರೂ ಬದಲಾಯಿಸಲು ಹೆದರಿಕೆ. ಷೇರು ಅವರ ಹತ್ತಿರವೇ ಇದೆಯಲ್ಲ, ಎದುರು ಹಾಕಿಕೊಂಡರೆ ಗತಿಯೇನು ಅಂತ.

ಈ ಹೆದರಿಕೆಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಒಂದು ಅಂಗಡಿಯಲ್ಲಿ ಬಳೆ ಕೊಂಡಿರಿ ಅಂತಿಟ್ಟುಕೊಳ್ಳಿ. ಮಾರುವಾಗ ಅದೇ ಅಂಗಡಿಗೆ ಹೋಗಬೇಕೆಂಬ ಕಾನೂನು ಇದೆಯೇ? ಇಲ್ಲ. ಬಳೆ ನಿಮ್ಮ ಲಾಕರ್‌ನಲ್ಲಿದೆ, ಬೆಲೆ ಚೆನ್ನಾಗಿ ಕೊಡುವ ಯಾವ ಅಂಗಡಿಗಾದರೂ ಒಯ್ಯಬಹುದು. ಹಳೇ ಅಂಗಡಿಯ ಬಿಲ್ ಇದ್ದರೆ ಒಳ್ಳೆಯದು, ಅಷ್ಟೇ. ಷೇರಿನ ಕತೆಯೂ ಹೆಚ್ಚುಕಡಿಮೆ ಇದೇ.

2022ರ ಆಗಸ್ಟ್‌ನಲ್ಲಿ ದೇಶದ ಡಿಮ್ಯಾಟ್ ಖಾತೆಗಳ ಸಂಖ್ಯೆ 10 ಕೋಟಿ ದಾಟಿತು. 2025ರಲ್ಲಿ 20 ಕೋಟಿಯನ್ನೂ ದಾಟಿತು. ಮೊಬೈಲ್‌ನಲ್ಲೇ ಖಾತೆ ತೆರೆಯುವ ಕಾಲ ಇದು. ಹಾಗಾಗಿ ಒಬ್ಬರ ಹೆಸರಲ್ಲೇ ಎರಡು ಮೂರು ಖಾತೆ, ಒಂದೊಂದರಲ್ಲಿ ಒಂದಿಷ್ಟು ಷೇರು ಅನ್ನೋ ಸ್ಥಿತಿ ಎಷ್ಟೋ ಮನೆಗಳಲ್ಲಿದೆ. ಈ ಪ್ರಶ್ನೆಗೆ ಈಗ ಸರಿಯಾದ ಉತ್ತರ ತಿಳಿದಿರಲೇಬೇಕು.

ಲಾಕರ್ ಯಾರದು, ಅಂಗಡಿ ಯಾರದು?

ಷೇರು ವ್ಯವಹಾರದಲ್ಲಿ ಮೂವರಿದ್ದಾರೆ. ಮೂವರನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ.

ಮೊದಲನೆಯವರು ಬ್ರೋಕರ್. ಷೇರುಪೇಟೆಯಲ್ಲಿ ನಿಮ್ಮ ಪರವಾಗಿ ಕೊಳ್ಳುವುದು, ಮಾರುವುದು ಇವರ ಕೆಲಸ. ಇವರ ಬಳಿ ಇರುವುದು ನಿಮ್ಮ ಟ್ರೇಡಿಂಗ್ ಖಾತೆ.

ಎರಡನೆಯವರು ಡಿಪಾಸಿಟರಿ. ಷೇರುಗಳ ನಿಜವಾದ ಲೆಕ್ಕ ಇರುವುದು ಇವರ ಕಂಪ್ಯೂಟರಿನಲ್ಲಿ. ನಮ್ಮ ದೇಶದಲ್ಲಿ ಎರಡೇ ಡಿಪಾಸಿಟರಿಗಳಿವೆ. 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್, 1999ರಲ್ಲಿ ಶುರುವಾದ ಸಿಡಿಎಸ್‌ಎಲ್.

ಮೂರನೆಯವರು ಡಿಪಿ, ಅಂದರೆ ಡಿಪಾಸಿಟರಿ ಪಾರ್ಟಿಸಿಪೆಂಟ್. ಡಿಪಾಸಿಟರಿಗೂ ನಿಮಗೂ ನಡುವೆ ನಿಂತು ಡಿಮ್ಯಾಟ್ ಖಾತೆ ತೆರೆದುಕೊಡುವವರು. ಬ್ಯಾಂಕ್ ಡಿಪಿ ಆಗಿರಬಹುದು, ಬ್ರೋಕರ್ ಕೂಡ ಆಗಿರಬಹುದು. ಬಹಳಷ್ಟು ಕಡೆ ಬ್ರೋಕರ್‌ ಅವರೇ ಡಿಪಿ ಆಗಿರುವುದರಿಂದ ‘ಷೇರು ಬ್ರೋಕರ್ ಹತ್ತಿರ ಇದೆ’ ಅನ್ನೋ ಭಾವನೆ ಬಂದಿದೆ. ನಿಜಕ್ಕೂ ಅದು ಡಿಪಾಸಿಟರಿಯಲ್ಲಿ ನಿಮ್ಮ ಹೆಸರಲ್ಲಿ, ನಿಮ್ಮ ಪ್ಯಾನ್ ಸಂಖ್ಯೆಯ ಅಡಿಯಲ್ಲಿ ಇದೆ.

ನಿಮ್ಮ ಖಾತೆ ಯಾವ ಡಿಪಾಸಿಟರಿಯದು ಅಂತ ತಿಳಿಯುವುದು ಸುಲಭ. ಡಿಮ್ಯಾಟ್ ಖಾತೆ ಸಂಖ್ಯೆ ‘ಐಎನ್’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗಿದ್ದರೆ ಎನ್‌ಎಸ್‌ಡಿಎಲ್. ಬರೀ 16 ಅಂಕಿಗಳಿದ್ದರೆ ಸಿಡಿಎಸ್‌ಎಲ್. ಈಗಲೇ ಹಳೇ ಸ್ಟೇಟ್‌ಮೆಂಟ್ ತೆಗೆದು ನೋಡಿ.

ಕಾಗದದ ಷೇರು ಸರ್ಟಿಫಿಕೇಟ್ ಇದ್ದ ಕಾಲದಲ್ಲಿ ಸ್ಥಿತಿ ಬೇರೆ ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಮ್ಮದೇ ಷೇರು ವಿನಿಮಯ ಕೇಂದ್ರವಿತ್ತು. ಪರಿಚಯದ ಬ್ರೋಕರ್, ಸಹಿ ಮಾಡಿದ ವರ್ಗಾವಣೆ ಫಾರಂ, ಎಲ್ಲ ಮುಖ ನೋಡಿ ನಡೆಯುವ ವ್ಯವಹಾರ. ಆ ಕೇಂದ್ರ 2014ರಲ್ಲಿ ಬಾಗಿಲು ಹಾಕಿತು. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಹಾಗೇ ಮಾರಿ ಇನ್ನೊಬ್ಬರ ಹೆಸರಿಗೆ ಮಾಡಲೂ ಅವಕಾಶವಿಲ್ಲ. ಮೊದಲು ಡಿಮ್ಯಾಟ್‌ಗೆ ತರಬೇಕು. ಆದರೆ ‘ನಮ್ಮ ಬ್ರೋಕರ್’ ಅನ್ನೋ ಹಳೇ ನಂಬಿಕೆ ಮಾತ್ರ ಮನೆಗಳಲ್ಲಿ ಇನ್ನೂ ಹಾಗೇ ಉಳಿದಿದೆ.

ಕಾರ್ವಿ ಕಲಿಸಿದ ಪಾಠ

ಷೇರು ಯಾರದು ಅನ್ನೋ ಪ್ರಶ್ನೆ ಎಷ್ಟು ದೊಡ್ಡದು ಅಂತ ದೇಶಕ್ಕೆ ಗೊತ್ತಾಗಿದ್ದು 2019ರಲ್ಲಿ. ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ದೊಡ್ಡ ಹೆಸರು. ಕರ್ನಾಟಕದಲ್ಲೂ ಅದಕ್ಕೆ ಗ್ರಾಹಕರಿದ್ದರು. 2019ರ ನವೆಂಬರ್ 22ರಂದು ಷೇರುಪೇಟೆ ನಿಯಂತ್ರಕ ಸೆಬಿ ಅದರ ಮೇಲೆ ಆದೇಶ ಹೊರಡಿಸಿತು. ಗ್ರಾಹಕರ ಷೇರುಗಳನ್ನು ಅವರಿಗೆ ತಿಳಿಯದಂತೆ ಒತ್ತೆಯಿಟ್ಟು ಕಂಪನಿ ಸಾಲ ಎತ್ತಿದೆ ಎಂಬುದು ಆರೋಪ. ಪಾಪ, ಗ್ರಾಹಕರು ತಮ್ಮ ಷೇರು ತಮ್ಮ ಹತ್ತಿರವೇ ಭದ್ರವಾಗಿದೆ ಅಂದುಕೊಂಡು ಕೂತಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅಂದ ಹಾಗಾಯಿತು!

ಇದು ಸಾಧ್ಯವಾಗಿದ್ದು ಹೇಗೆ? ಖಾತೆ ತೆರೆಯುವಾಗ ಸಹಿ ಮಾಡಿಸಿಕೊಳ್ಳುತ್ತಿದ್ದ ಪವರ್ ಆಫ್ ಅಟಾರ್ನಿ ಪತ್ರದಿಂದ. ‘ನೀವು ಮಾರಿದಾಗ ಷೇರು ಕಳಿಸೋಕೆ ಅನುಕೂಲ’ ಅಂತ ಹೇಳಿ ತೆಗೆದುಕೊಳ್ಳುತ್ತಿದ್ದ ಅಧಿಕಾರ ಅದು. ಹತ್ತಾರು ಪುಟದ ಫಾರಂನಲ್ಲಿ ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿ ಮುಗಿಸುತ್ತಿದ್ದೆವಲ್ಲ, ಅದರಲ್ಲಿ ಇದೂ ಒಂದು.

2019ರ ಡಿಸೆಂಬರ್ ಮೊದಲ ವಾರದಲ್ಲಿ 80 ಸಾವಿರಕ್ಕೂ ಹೆಚ್ಚು ಹೂಡಿಕೆದಾರರ ಷೇರುಗಳು ಅವರವರ ಖಾತೆಗೆ ವಾಪಸ್ ಬಂದವು. ಮುಂದೆ 2020ರ ನವೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಾರ್ವಿಯನ್ನು ಸದಸ್ಯತ್ವದಿಂದಲೇ ಹೊರಹಾಕಿತು. 2021ರಲ್ಲಿ ಅದರ ಗ್ರಾಹಕರ ಡಿಮ್ಯಾಟ್ ಖಾತೆಗಳು ಒಂದು ಸಂಸ್ಥೆಗೆ, ಟ್ರೇಡಿಂಗ್ ಖಾತೆಗಳು ಇನ್ನೊಂದು ಸಂಸ್ಥೆಗೆ ಹೋದವು. ಲಾಕರ್ ಬೇರೆ, ಅಂಗಡಿ ಬೇರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಬ್ರೋಕರ್ ಮುಳುಗಿದರೂ ಡಿಪಾಸಿಟರಿಯಲ್ಲಿ ತಮ್ಮ ಹೆಸರಲ್ಲೇ ಇದ್ದ ಷೇರುಗಳು ಮುಳುಗಲಿಲ್ಲ. ಬೇರೆಯವರ ಮೂಲಕ ಮಾರುವ ದಾರಿಯೂ ಮುಚ್ಚಲಿಲ್ಲ.

ಆಮೇಲೆ ನಿಯಮಗಳು ಬಿಗಿಯಾದವು. 2022ರ ನವೆಂಬರ್‌ನಿಂದ ಹೊಸ ಗ್ರಾಹಕರಿಂದ ಹಳೇ ಪವರ್ ಆಫ್ ಅಟಾರ್ನಿ ಬದಲು ಡಿಡಿಪಿಐ ಎಂಬ ಸೀಮಿತ ಅಧಿಕಾರ ಪತ್ರ ಬಂತು. ಮಾರಿದ ಷೇರು ಕಳಿಸುವುದು, ನಿಮ್ಮ ವಹಿವಾಟಿನ ಮಾರ್ಜಿನ್‌ಗೆ ಒತ್ತೆ ಇಡುವುದು ಮುಂತಾದ ಬೆರಳೆಣಿಕೆಯ ಕೆಲಸಕ್ಕೆ ಮಾತ್ರ ಅದು ನಡೆಯುತ್ತದೆ. ಅದನ್ನು ಕೊಡಲೇಬೇಕೆಂಬ ಬಲವಂತವೂ ಇಲ್ಲ. ಕೊಡದಿದ್ದರೆ ಪ್ರತಿ ಸಲ ಮಾರುವಾಗ ಪಿನ್ ಸಂಖ್ಯೆ ಮತ್ತು ಮೊಬೈಲ್‌ಗೆ ಬರುವ ಒಟಿಪಿ ಹಾಕಿ ನೀವೇ ಒಪ್ಪಿಗೆ ಕೊಡಬೇಕು. ಸ್ವಲ್ಪ ತಾಪತ್ರಯ ನಿಜ. ಆದರೆ ಬೀಗದ ಕೈ ಸೆರಗಿನ ತುದಿಯಲ್ಲೇ ಇರುತ್ತಲ್ವಾ? 2025ರಿಂದ ಕೊಂಡ ಷೇರು ಕೂಡ ಬ್ರೋಕರ್ ಖಾತೆಗೆ ಹೋಗಿ ಅಲ್ಲಿಂದ ಬರುವ ಬದಲು ನೇರವಾಗಿ ನಿಮ್ಮ ಡಿಮ್ಯಾಟ್‌ಗೇ ಬರುತ್ತಿದೆ.

ಇಷ್ಟು ಹಿನ್ನೆಲೆ ಗೊತ್ತಿದ್ದರೆ, ಬೇರೆ ಬ್ರೋಕರ್ ಮೂಲಕ ಮಾರುವುದು ಕಷ್ಟವೇನಲ್ಲ. ಅದಕ್ಕೆ ಎರಡು ದಾರಿಗಳಿವೆ.

ದಾರಿ ಒಂದು: ಷೇರುಗಳನ್ನೇ ಹೊಸ ಮನೆಗೆ ಕರೆದೊಯ್ಯಿರಿ

ಇದು ಸುಲಭದ ದಾರಿ. ಹೊಸ ಬ್ರೋಕರ್ ಬಳಿ ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆ ತೆರೆಯಿರಿ. ಹಳೇ ಡಿಮ್ಯಾಟ್‌ನಿಂದ ಹೊಸ ಡಿಮ್ಯಾಟ್‌ಗೆ ಷೇರು ವರ್ಗಾಯಿಸಿ. ಆಮೇಲೆ ಮಾರಿ. ಇದಕ್ಕೂ ಎರಡು ವಿಧಾನ.

ಎಲ್ಲ ಷೇರೂ ಹೋಗಲಿ, ಹಳೇ ಖಾತೆ ಮುಚ್ಚಲಿ ಅನ್ನುವುದಾದರೆ ಖಾತೆ ಮುಚ್ಚುವ ಅರ್ಜಿಯಲ್ಲೇ ‘ಷೇರುಗಳನ್ನು ಈ ಖಾತೆಗೆ ವರ್ಗಾಯಿಸಿ’ ಎಂದು ಬರೆದುಕೊಡಿ. ಇದರ ಜತೆ ಹೊಸ ಡಿಪಿ ಕೊಡುವ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಅನ್ನೋ ಒಂದು ಹಾಳೆ ಲಗತ್ತಿಸಬೇಕು. ಎರಡೂ ಖಾತೆ ಎಲ್ಲ ರೀತಿಯಲ್ಲೂ ಒಬ್ಬರದೇ ಆಗಿದ್ದರೆ ಹೀಗೆ ಪೂರ್ತಿ ವರ್ಗಾಯಿಸಲು ಡಿಪಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಇದು 2006ರ ಜನವರಿಯಿಂದಲೇ ಇರುವ ಸೆಬಿ ನಿಯಮ. ಹಳೇ ಬಾಕಿ ಇದ್ದರೆ ಮಾತ್ರ ಕಟ್ಟಬೇಕು. ‘ಒಂದೊಂದು ಕಂಪನಿಗೂ ಇಷ್ಟಿಷ್ಟು ಆಗುತ್ತೆ ಮೇಡಂ’ ಅಂದರೆ, ನಿಯಮ ತೋರಿಸಿ ಅಂತ ಕೇಳಿ.

ಕೆಲವೇ ಷೇರು ಮಾತ್ರ ಸಾಗಿಸಬೇಕೆಂದರೆ ಡಿಐಎಸ್ ಎಂಬ ಸ್ಲಿಪ್ ಪುಸ್ತಕ ಬಳಸಬೇಕು. ಇದನ್ನು ಬ್ಯಾಂಕಿನ ಚೆಕ್ ಪುಸ್ತಕದ ಹಾಗೆ ಅಂದುಕೊಳ್ಳಿ. ಚೆಕ್‌ನಲ್ಲಿ ಹಣ ಹೋಗುತ್ತದೆ, ಇದರಲ್ಲಿ ಷೇರು ಹೋಗುತ್ತದೆ. ಕಂಪನಿಯ ಐಸಿನ್ ಸಂಖ್ಯೆ, ಎಷ್ಟು ಷೇರು, ಯಾವ ಖಾತೆಗೆ, ಯಾವ ಕಾರಣಕ್ಕೆ ಎಂದು ತುಂಬಬೇಕು. ಕಾರಣದ ಜಾಗದಲ್ಲಿ ‘ಸ್ವಂತ ಖಾತೆಗೆ ವರ್ಗಾವಣೆ’ ಅಂತಲೇ ಇರಲಿ. ಇದಕ್ಕೆ ಶುಲ್ಕ ಇರುತ್ತದೆ, ಡಿಪಿಯಿಂದ ಡಿಪಿಗೆ ಬೇರೆ. ಸ್ಲಿಪ್ ಬೇಡ ಅನ್ನುವವರು ಸಿಡಿಎಸ್‌ಎಲ್‌ನ ‘ಈಸಿಯೆಸ್ಟ್’ ಅಥವಾ ಎನ್‌ಎಸ್‌ಡಿಎಲ್‌ನ ‘ಸ್ಪೀಡ್-ಇ’ ಸೌಲಭ್ಯಕ್ಕೆ ನೋಂದಾಯಿಸಿಕೊಂಡು ಕಂಪ್ಯೂಟರ್‌ನಲ್ಲೇ ಮಾಡಬಹುದು. ಹೇಗೆ ಮಾಡಿದರೂ ನಿಮ್ಮ ನೋಂದಾಯಿತ ಮೊಬೈಲ್‌ಗೆ ಒಟಿಪಿ ಬಂದೇ ಬರುತ್ತದೆ.

ಎಡವುವ ಜಾಗ ಎಲ್ಲಿ ಗೊತ್ತಾ? ಹೆಸರಲ್ಲಿ. ಹಳೇ ಖಾತೆ ನಿಮ್ಮಿಬ್ಬರ ಜಂಟಿ ಹೆಸರಲ್ಲಿದ್ದು, ಹೊಸದು ನಿಮ್ಮೊಬ್ಬರ ಹೆಸರಲ್ಲಿದ್ದರೆ ಅದು ‘ಸ್ವಂತ ಖಾತೆ’ ಆಗುವುದಿಲ್ಲ. ಮೊದಲ ಹೆಸರು, ಎರಡನೇ ಹೆಸರು ಎರಡೂ ಖಾತೆಯಲ್ಲಿ ಅದೇ ಕ್ರಮದಲ್ಲಿರಲಿ. ಪ್ಯಾನ್‌ನಲ್ಲಿ ಮದುವೆಗೆ ಮುಂಚಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆ ಹೆಸರು ಇರುವವರು ಖಾತೆ ತೆರೆಯುವ ಮುಂಚೆಯೇ ಅದನ್ನು ಸರಿಮಾಡಿಸಿಕೊಳ್ಳಿ.

ಒತ್ತೆಯಿಟ್ಟ ಷೇರು ಇದ್ದರೆ ಮೊದಲು ಬಿಡಿಸಬೇಕು. ಇನ್ನೊಂದು ಮಾತು. ವರ್ಗಾವಣೆಗೆ ಕೆಲವು ದಿನ ಹಿಡಿಯಬಹುದು, ಆ ನಡುವೆ ಮಾರಲು ಆಗುವುದಿಲ್ಲ. ಮಗಳ ಕಾಲೇಜು ಫೀಸು ನಾಳೆ ಕಟ್ಟಬೇಕು ಅಂದಾಗ ಈ ಕೆಲಸಕ್ಕೆ ಕೈಹಾಕಬೇಡಿ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತದೆ.

ದಾರಿ ಎರಡು: ಷೇರು ಅಲ್ಲೇ ಇರಲಿ, ಮಾರಾಟ ಇಲ್ಲಿ ಆಗಲಿ

ಡಿಮ್ಯಾಟ್ ಖಾತೆ ಬ್ಯಾಂಕಿನಲ್ಲಿದೆ, ಅದನ್ನು ಬದಲಿಸುವ ಮನಸ್ಸಿಲ್ಲ, ಕಮಿಷನ್ ಕಡಿಮೆ ಇರುವ ಬ್ರೋಕರ್ ಮೂಲಕ ಮಾರಬೇಕು ಅಷ್ಟೇ ಅನ್ನುವವರೂ ಇದ್ದಾರೆ. ಇದಕ್ಕೂ ಕಾನೂನಿನ ಅಡ್ಡಿ ಇಲ್ಲ. ಹೊಸ ಟ್ರೇಡಿಂಗ್ ಖಾತೆಗೆ ಹಳೇ ಡಿಮ್ಯಾಟ್ ಖಾತೆಯನ್ನೇ ಜೋಡಿಸಿಕೊಡಿ ಅಂತ ಕೇಳಬಹುದು. ಕೆಲವು ಬ್ರೋಕರ್‌ಗಳು ಒಪ್ಪುತ್ತಾರೆ, ಕೆಲವರು ತಮ್ಮಲ್ಲೇ ಡಿಮ್ಯಾಟ್ ತೆರೆಯಬೇಕು ಅನ್ನುತ್ತಾರೆ. ಖಾತೆ ತೆರೆಯುವ ಮುಂಚೆಯೇ ಕೇಳಿ.

ಈ ದಾರಿಯಲ್ಲಿ ಮಾರಿದ ಮೇಲೆ ಷೇರು ಕಳಿಸುವ ಜವಾಬ್ದಾರಿ ನಿಮ್ಮದು. 2023ರ ಜನವರಿ 27ರಿಂದ ನಮ್ಮ ಷೇರುಪೇಟೆಯಲ್ಲಿ ಎಲ್ಲ ಷೇರುಗಳ ಲೆಕ್ಕ ಮರುದಿನವೇ ಚುಕ್ತಾ ಆಗುತ್ತದೆ. ಸೋಮವಾರ ಮಾರಿದರೆ ಮಂಗಳವಾರ ಬೆಳಗಿನೊಳಗೆ ಷೇರು ತಲುಪಿರಬೇಕು. ಅಂದರೆ ಮಾರಿದ ದಿನವೇ ಡಿಪಿಗೆ ಸ್ಲಿಪ್ ಕೊಟ್ಟಿರಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಅವರ ಕಚೇರಿ ಸ್ಲಿಪ್ ತೆಗೆದುಕೊಳ್ಳುವುದು ಎಷ್ಟು ಗಂಟೆಯವರೆಗೆ ಎಂದು ಮುಂಚೆ ವಿಚಾರಿಸಿ.

ತಲುಪದಿದ್ದರೆ? ನೀವು ಮಾರಿದ ಷೇರನ್ನು ವಿನಿಮಯ ಕೇಂದ್ರ ಹರಾಜಿನಲ್ಲಿ ಕೊಂಡು ಕೊಂಡವರಿಗೆ ಕೊಡುತ್ತದೆ. ಬೆಲೆ ವ್ಯತ್ಯಾಸ, ಜತೆಗೆ ದಂಡ, ಎರಡೂ ನಿಮ್ಮ ತಲೆಗೆ. ಡಿಮ್ಯಾಟ್‌ನಲ್ಲಿ ಷೇರು ಇದ್ದೂ ದಂಡ ಕಟ್ಟುವುದು ಅಂದರೆ ಎಂಥ ಸಂಕಟ! ಹಾಗಾಗಿ ಮನೆಯಲ್ಲೇ ಕೂತು ವರ್ಷಕ್ಕೊಮ್ಮೆ ಮಾರುವ ನಮ್ಮಂಥವರಿಗೆ ಮೊದಲ ದಾರಿಯೇ ವಾಸಿ. ಎರಡನೆಯದು ಒಟಿಪಿ, ಸ್ಲಿಪ್, ಸಮಯ ಎಲ್ಲ ನೋಡಿಕೊಂಡು ಅಭ್ಯಾಸ ಇರುವವರಿಗೆ.

ಹಳೇ ಬಿಲ್ ಬಿಸಾಡಬೇಡಿ

ಷೇರು ಹೊಸ ಖಾತೆಗೆ ಬರುತ್ತದೆ. ಆದರೆ ಅದನ್ನು ಎಷ್ಟಕ್ಕೆ ಕೊಂಡಿದ್ದು, ಯಾವಾಗ ಕೊಂಡಿದ್ದು ಎಂಬ ವಿವರ ತಾನಾಗಿ ಬರುವುದಿಲ್ಲ. ಹೊಸ ಬ್ರೋಕರ್ ಆ್ಯಪ್‌ನಲ್ಲಿ ಕೊಂಡ ಬೆಲೆ ಖಾಲಿ ಇರಬಹುದು, ಇಲ್ಲವೇ ವರ್ಗಾಯಿಸಿದ ದಿನವೇ ಕೊಂಡ ದಿನ ಅಂತ ತೋರಿಸಬಹುದು. ತೆರಿಗೆ ಲೆಕ್ಕ ಹಾಕುವಾಗ ಇದೇ ದೊಡ್ಡ ತಲೆನೋವು.

ನಿಮ್ಮ ಸ್ವಂತ ಖಾತೆಯಿಂದ ಸ್ವಂತ ಖಾತೆಗೆ ಷೇರು ಹೋದರೆ ಅದು ಮಾರಾಟ ಅಲ್ಲ, ತೆರಿಗೆಯೂ ಇಲ್ಲ. ಕೊಂಡ ದಿನಾಂಕವೂ ಬದಲಾಗುವುದಿಲ್ಲ. ತೆರಿಗೆ ಬರುವುದು ಮಾರಿದಾಗ. 2024ರ ಜುಲೈ 23ರಿಂದ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ಲಾಭದಲ್ಲಿ ವರ್ಷಕ್ಕೆ ರೂ. 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇ 12.5. ಒಂದು ವರ್ಷದೊಳಗೆ ಮಾರಿದರೆ ಶೇ 20. ಹಾಗೆಯೇ 2018ರ ಜನವರಿ 31ಕ್ಕೆ ಮುಂಚೆ ಕೊಂಡ ಷೇರಾದರೆ, ಆ ದಿನದವರೆಗೆ ಏರಿದ ಬೆಲೆಗೆ ರಿಯಾಯಿತಿ ಇದೆ.

ಒಂದು ಲೆಕ್ಕ ನೋಡೋಣ. 2012ರಲ್ಲಿ ತಲಾ ರೂ. 150ರಂತೆ 500 ಷೇರು ತೆಗೆದಿದ್ದೀರಿ. 2018ರ ಜನವರಿ 31ರಂದು ಅದರ ಬೆಲೆ ರೂ. 400 ಇತ್ತು. ಈಗ ರೂ. 600ಕ್ಕೆ ಮಾರುತ್ತೀರಿ. ಹಳೇ ದಿನಾಂಕಕ್ಕೆ ದಾಖಲೆ ಇದ್ದರೆ ಲಾಭ ಲೆಕ್ಕಕ್ಕೆ ಬರುವುದು ಷೇರಿಗೆ ರೂ. 200, ಒಟ್ಟು ಒಂದು ಲಕ್ಷ. ಬೇರೆ ಲಾಭ ಇಲ್ಲದಿದ್ದರೆ ತೆರಿಗೆ ಸೊನ್ನೆ. ದಾಖಲೆ ಇಲ್ಲ, ಕೊಂಡ ಬೆಲೆಯೇ ಗೊತ್ತಿಲ್ಲ ಅಂತ ಸೊನ್ನೆ ಹಾಕಿದರೆ ಲಾಭ ಮೂರು ಲಕ್ಷ. ವಿನಾಯಿತಿ ಕಳೆದು 1.75 ಲಕ್ಷದ ಮೇಲೆ ರೂ. 21,875 ತೆರಿಗೆ, ಮೇಲೆ ಸೆಸ್ ಬೇರೆ. ಒಂದು ಕಾಗದದ ಬೆಲೆ ಅಷ್ಟು!

ಆದ್ದರಿಂದ ಹಳೇ ಬ್ರೋಕರ್ ಖಾತೆ ಮುಚ್ಚುವ ಮುಂಚೆ ಮೂರು ವಸ್ತು ಇಳಿಸಿಕೊಳ್ಳಿ: ಎಲ್ಲ ಕಾಂಟ್ರಾಕ್ಟ್ ನೋಟ್‌ಗಳು, ಮೊದಲಿಂದ ಇಲ್ಲಿವರೆಗಿನ ಲೆಡ್ಜರ್, ಡಿಮ್ಯಾಟ್ ವ್ಯವಹಾರದ ಸ್ಟೇಟ್‌ಮೆಂಟ್. ಖಾತೆ ಮುಚ್ಚಿದ ಮೇಲೆ ಅವರ ಬಾಗಿಲಿಗೆ ಅಲೆಯುವುದು ಯಾರಿಗೆ ಬೇಕು?

ಹೆಸರು ಬದಲಾದ ಷೇರು

ಹಳೇ ಸ್ಟೇಟ್‌ಮೆಂಟ್ ತೆಗೆದವರು ‘ನಮ್ಮ ಷೇರೇ ಇಲ್ಲವಲ್ಲ’ ಅಂತ ಗಾಬರಿಯಾಗುವುದೂ ಉಂಟು. ನಮ್ಮ ರಾಜ್ಯದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಊರಿನ ಬ್ಯಾಂಕಿನ ಷೇರು ಇಟ್ಟುಕೊಂಡ ಮನೆಗಳು ಬಹಳ. ಆ ಬ್ಯಾಂಕುಗಳ ಹೆಸರೇ ಈಗಿಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. ಹತ್ತು ಷೇರಿಗೆ ಎಸ್‌ಬಿಐನ 22 ಷೇರು ಬಂತು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಾವಿರಕ್ಕೆ 402 ಷೇರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು, ಸಾವಿರಕ್ಕೆ 158. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು, ಸಾವಿರಕ್ಕೆ 330.

ಇವನ್ನು ಕೊಂಡಿದ್ದು ಯಾವ ಬ್ರೋಕರ್ ಮೂಲಕ ಎಂಬುದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ. ಕೆಲವರು ಬ್ರೋಕರ್ ಇಲ್ಲದೆ ನೇರವಾಗಿ ಅರ್ಜಿ ಹಾಕಿ ಪಡೆದವರು. ಚಿಂತೆ ಬೇಡ. ಡಿಮ್ಯಾಟ್‌ನಲ್ಲಿದ್ದರೆ ಹೊಸ ಹೆಸರಲ್ಲಿ ಕೂತಿರುತ್ತವೆ, ಯಾವ ಬ್ರೋಕರ್ ಮೂಲಕವಾದರೂ ಮಾರಬಹುದು. ಕಾಗದದಲ್ಲಿದ್ದರೆ ಕಂಪನಿಯ ರಿಜಿಸ್ಟ್ರಾರ್‌ಗೆ ಬರೆಯಬೇಕು. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದೇ ಬಿಟ್ಟ ಷೇರು ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ. ಅಲ್ಲಿಂದಲೂ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು, ಆದರೆ ತಾಳ್ಮೆ ಬೇಕು.

ಮೊಬೈಲ್ ಯಾರದು?

ಈಗ ನಿಜವಾದ ಪ್ರಶ್ನೆಗೆ ಬರೋಣ. ಖಾತೆ ನಿಮ್ಮ ಹೆಸರಲ್ಲಿದೆ, ಪ್ಯಾನ್ ನಿಮ್ಮದು, ತೆರಿಗೆ ನೋಟಿಸ್ ಬಂದರೂ ನಿಮ್ಮ ಹೆಸರಿಗೇ. ಆದರೆ ಖಾತೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಯಾರದು? ಇ-ಮೇಲ್ ಯಾರದು? ಸ್ಲಿಪ್ ಪುಸ್ತಕ ಯಾರ ಡ್ರಾಯರ್‌ನಲ್ಲಿದೆ?

ಹೆಚ್ಚಿನ ಮನೆಗಳಲ್ಲಿ ಉತ್ತರ ‘ಅವರದ್ದು’. ಗಂಡನ ಮೊಬೈಲ್ ಸಂಖ್ಯೆ ಕೊಡುವುದು ನಿಯಮಕ್ಕೆ ವಿರುದ್ಧವೂ ಅಲ್ಲ, ಕುಟುಂಬದವರ ಸಂಖ್ಯೆ ಎಂದು ಬರೆದುಕೊಟ್ಟರೆ ನಡೆಯುತ್ತದೆ. ಯಾರ ಮೇಲೂ ಅನುಮಾನ ಪಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಬ್ರೋಕರ್ ಬದಲಾಯಿಸಲು, ಷೇರು ಸಾಗಿಸಲು, ಮಾರಲು ಎಲ್ಲದಕ್ಕೂ ಒಟಿಪಿ ಬೇಕು. ಅದು ಇನ್ನೊಬ್ಬರ ಫೋನಿಗೆ ಹೋದರೆ, ಹೆಸರು ಮಾತ್ರ ನಿಮ್ಮದು ಅಂತಾಗುತ್ತದೆ. ಕಷ್ಟ ಅಂದಾಗ ಆ ಫೋನಿನವರು ಊರಲ್ಲಿಲ್ಲದೇ ಇರಬಹುದು, ಆಸ್ಪತ್ರೆಯಲ್ಲಿರಬಹುದು.

ಮನೆಯ ಯಜಮಾನರು ತೀರಿಕೊಂಡಾಗ ಅವರ ಖಾತೆಯ ಷೇರನ್ನು ಅವರದೇ ಫೋನ್, ಪಿನ್ ಬಳಸಿ ಮಾರಿಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದು ತಪ್ಪು, ಮುಂದೆ ವ್ಯಾಜ್ಯಕ್ಕೆ ದಾರಿ. ಸರಿಯಾದ ಕ್ರಮಕ್ಕೆ ಟ್ರಾನ್ಸ್‌ಮಿಷನ್ ಅನ್ನುತ್ತಾರೆ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಮತ್ತು ಅರ್ಜಿ ಕೊಟ್ಟು ನಾಮಿನಿಯ ಡಿಮ್ಯಾಟ್‌ಗೆ ಷೇರು ತರಿಸಿಕೊಂಡು, ಆಮೇಲೆ ಇಷ್ಟಬಂದ ಬ್ರೋಕರ್ ಮೂಲಕ ಮಾರಬಹುದು. ಆದರೆ ನಾಮಿನಿ ಆದ ಮಾತ್ರಕ್ಕೆ ಪೂರ್ತಿ ಒಡೆತನ ಸಿಕ್ಕಿತು ಅಂತಲ್ಲ. ಷೇರಿನ ವಿಷಯದಲ್ಲಿ ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಮಿನಿ ಹೆಸರೂ ಇರಲಿ, ಉಯಿಲೂ ಇರಲಿ.

ನೀವು ಕೇಳಬಹುದಾದ ಪ್ರಶ್ನೆಗಳು

*ಹಳೇ ಬ್ರೋಕರ್‌ನಿಂದ ಒಪ್ಪಿಗೆ ಪತ್ರ ಬೇಕಾ?*
ಬೇಡ. ಷೇರು ನಿಮ್ಮದು. ಬಾಕಿ ಇದ್ದರೆ ತೀರಿಸಿ, ಸಹಿ ಹೊಂದುವಂತಿರಲಿ, ಸಾಕು.

*ಫಾರಂ ಕೊಟ್ಟರೂ ಇವತ್ತು ನಾಳೆ ಅಂತಾರೆ. ಏನು ಮಾಡಲಿ?*
ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಮೊದಲು ಅವರಿಗೇ ಲಿಖಿತ ದೂರು ಕೊಡಿ. ಆಗಲಿಲ್ಲವೇ, ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆಯಲ್ಲಿ ದೂರು ದಾಖಲಿಸಿ. 21 ದಿನಗಳೊಳಗೆ ಅವರು ಪರಿಹಾರ ಕೊಡಬೇಕು.

*ಹಳೇ ಖಾತೆ ಹಾಗೇ ಇದ್ದರೆ ತೊಂದರೆಯೇನು?*
ವಾರ್ಷಿಕ ಶುಲ್ಕ ಬೆಳೆಯುತ್ತಾ ಹೋಗಬಹುದು. ಅಲ್ಲದೆ ಒಬ್ಬರ ಹೆಸರಲ್ಲಿ ಒಂದೇ ಡಿಮ್ಯಾಟ್ ಇದ್ದು, ಷೇರಿನ ಮೌಲ್ಯ ರೂ. 4 ಲಕ್ಷದೊಳಗಿದ್ದರೆ ಮೂಲ ಸೇವಾ ಖಾತೆ ಎಂಬ ಸೌಲಭ್ಯದಲ್ಲಿ ವಾರ್ಷಿಕ ಶುಲ್ಕವೇ ಇಲ್ಲ. ಎರಡು ಖಾತೆ ಇಟ್ಟುಕೊಂಡರೆ ಅದು ತಪ್ಪಿಹೋಗುತ್ತದೆ.

*ಗಂಡನ ಡಿಮ್ಯಾಟ್‌ನಿಂದ ನನ್ನ ಡಿಮ್ಯಾಟ್‌ಗೆ ತಂದು ಮಾರಬಹುದಾ?*
ಅದು ಉಡುಗೊರೆ ಆಗುತ್ತದೆ, ‘ಸ್ವಂತ ಖಾತೆ’ ಅಲ್ಲ. ಉಡುಗೊರೆ ಪಡೆದಿದ್ದಕ್ಕೆ ನಿಮಗೆ ತೆರಿಗೆ ಇಲ್ಲ. ಆದರೆ ಮಾರಿದಾಗ ಬರುವ ಲಾಭ ಅವರ ಆದಾಯಕ್ಕೇ ಸೇರುತ್ತದೆ.

ಇಂದೇ ಮಾಡಿ

* ಡಿಪಾಸಿಟರಿಯಿಂದ ಬರುವ ಒಟ್ಟು ಸ್ಟೇಟ್‌ಮೆಂಟ್ ತೆಗೆದು ನೋಡಿ. ನಿಮ್ಮ ಪ್ಯಾನ್ ಅಡಿ ಎಲ್ಲೆಲ್ಲಿ ಏನೇನಿದೆ ಎಂಬುದು ಅದರಲ್ಲಿ ಇರುತ್ತದೆ. ಬ್ರೋಕರ್ ಕೊಡುವ ಪಟ್ಟಿಯ ಜತೆ ತಾಳೆ ನೋಡಿ.
* ಖಾತೆಗೆ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆ, ಇ-ಮೇಲ್ ಹಾಕಿಸಿ.
* ಖಾಲಿ ಸ್ಲಿಪ್‌ಗೆ ಸಹಿ ಮಾಡಿ ಯಾರಿಗೂ ಕೊಡಬೇಡಿ, ಎಷ್ಟೇ ಪರಿಚಯದವರಾದರೂ.
* ಒಟಿಪಿ, ಪಿನ್ ಯಾರಿಗೂ ಹೇಳಬೇಡಿ. ‘ಬ್ರೋಕರ್ ಕಚೇರಿಯಿಂದ ಮಾತಾಡ್ತಿದ್ದೀವಿ’ ಅಂದರೂ.
* ಹಿಂದೆ ಕೊಟ್ಟ ಪವರ್ ಆಫ್ ಅಟಾರ್ನಿ ಇನ್ನೂ ಜಾರಿಯಲ್ಲಿದೆಯೇ ಕೇಳಿ. ಬೇಡವಾದರೆ ಬರೆದುಕೊಟ್ಟು ರದ್ದು ಮಾಡಿಸಿ.
* ನಾಮಿನಿ ಹೆಸರು ಸರಿಯಾಗಿದೆಯೇ ನೋಡಿ.

ಮಾರಲೇಬೇಕು ಅಂತೇನಿಲ್ಲ. ಆದರೆ ಮಾರಬೇಕು ಅನ್ನಿಸಿದ ದಿನ, ಯಾರ ಮೂಲಕ ಬೇಕಾದರೂ, ಯಾರ ಅಪ್ಪಣೆಗೂ ಕಾಯದೆ ನಿಮ್ಮ ಕೈಯಾರೆ ಮಾರಲು ಆಗಬೇಕು. ಹಾಗೆ ಆಗುತ್ತದೆಯೇ ಅಂತ ಒಮ್ಮೆ ಪರೀಕ್ಷಿಸಿ ನೋಡಿ. ಒಂದೇ ಒಂದು ಷೇರನ್ನು ನೀವೇ ಒಟಿಪಿ ಹಾಕಿ ಮಾರಿ, ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರುವವರೆಗೂ ಗಮನಿಸಿ. ಬಂತೇ? ಹಾಗಾದರೆ ಆ ಷೇರುಗಳು ನಿಜಕ್ಕೂ ನಿಮ್ಮವೇ.